ಉರುಳೆ ನಿಂತ ಹೊತ್ತು

"ಹೊಟ್ಟೇಲಿರೋದು ಮಗುನಾ ನಲ್ಲಿನಾ? ಗಳಿಗೆಗೊಂದ್ಸಲ ಹೊರಗೆ ಓಡ್ತೀನಿ ಅಂತೀಯಲ್ಲೇ ಮುಂಡೇದೇ. ನಿನ್ನಿಂದ ನಾವು ಕೊಳೆಕೋಣೇಲಿ ಸಾಯ್ಬೇಕಾ?"

ಬೈದದ್ದು ಮೇಸ್ತ್ರಿಯಲ್ಲ. ಅದೇ ಚಾದರದ ಇನ್ನೊಂದು ಅಂಚು ಹಿಡಿದು ನಿಂತಿದ್ದ ಗಿಣಿಯಕ್ಕ. ಮೂಗು ಚೂಪು, ಬಾಯಿ ಅದಕ್ಕಿಂತ ಚೂಪು. ಬಸುರಿ ಹುಡುಗಿ ತುಟಿ ಕಚ್ಚಿಕೊಂಡು ಚಾದರವನ್ನು ಎಳೆದು ಬಿಸಿ ಉರುಳೆಯ ಬಾಯಿಗೆ ಕೊಟ್ಟಳು. ಆಚೆ ಬದಿಯಲ್ಲಿ ಅದನ್ನು ಮಡಚಿಕೊಳ್ಳುತ್ತಿದ್ದವಳು ಅವಳ ಅತ್ತೆ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ ಅದು. ಒದ್ದೆ ಬಟ್ಟೆಯನ್ನು ಒಣಗಿಸಿ ಇಸ್ತ್ರಿ ಮಾಡುವ ಒಂದೊಂದು ಉರುಳೆಗೆ ನಾಲ್ವರು. ಇಬ್ಬರು ಒದ್ದೆ ಚಾದರ ಕೊಡಬೇಕು, ಇಬ್ಬರು ಒಣಗಿದ್ದನ್ನು ಮಡಚಬೇಕು. ಒಬ್ಬಳು ಹೋದರೂ ಉರುಳೆ ನಿಲ್ಲುತ್ತದೆ. ಹಳೆಯ ಮೇಸ್ತ್ರಿ ಬಾಯಿ ಬಿಟ್ಟರೆ ಬೋಳಿ, ರಂಡೆ ಎನ್ನುತ್ತಿದ್ದ. ಆದರೆ ಬೈದುಕೊಂಡೇ ಬಂದು, ಹೋದವಳ ಜಾಗದಲ್ಲಿ ನಿಂತು ಚಾದರ ಎಳೆಯುತ್ತಿದ್ದ.

ಹೊಸ ಸಾಹೇಬರು ಬಂದವರೇ ಅವನನ್ನು ತೆಗೆದರು. "ಇನ್ನು ಇಲ್ಲಿ ಬೈಗುಳ ಇಲ್ಲ. ಬೆದರಿಸೋರಿಲ್ಲ. ನಿಮ್ಮ ಉರುಳೆಗೆ ನೀವೇ ನಾಯಕರು," ಎಂದರು. ಹೆಂಗಸರು ಕೈ ನೋಯುವಂತೆ ಚಪ್ಪಾಳೆ ತಟ್ಟಿದರು. ಈ ಉರುಳೆಗೆ ಅತ್ತೆ ನಾಯಕಿಯಾದಳು. ಜೊತೆಗೆ ಸಾಹೇಬರದೊಂದು ಹೊಸ ನಿಯಮ: ಯಾರ ಉರುಳೆ ನಿಂತಿತೋ ಆ ನಾಲ್ವರೂ ಒಂದು ವಾರ ಕೊಳೆಕೋಣೆಗೆ. ಅಲ್ಲಿ ಹಸಿ ರಕ್ತದ ಬಟ್ಟೆಗಳನ್ನು ಬಿಡಿಸಬೇಕು. ಮಡಿಕೆಯೊಳಗಿಂದ ಸೂಜಿಗಳು ಬೆರಳಿಗೆ ಚುಚ್ಚುತ್ತವೆ. "ಶಿಕ್ಷೆ ಅಲ್ಲಮ್ಮ, ಕಲಿಕೆ," ಎಂದಿದ್ದರು ಸಾಹೇಬರು.

ಅಂದಿನಿಂದ ಉರುಳೆ ನಿಂತಿರಲಿಲ್ಲ. ಯಾರೂ ನೀರು ಕುಡಿಯುತ್ತಿರಲಿಲ್ಲ.

ಬೆಳಿಗ್ಗೆಯೇ ಸೊಸೆ ಕೇಳಿದ್ದಳು. "ಅತ್ತೆ, ಸೊಂಟ ಹಿಡ್ಕೊಂಡು ಎಳೀತಿದೆ. ಒಂದ್ಸಲ ಹೋಗ್ಬರ್ಲಾ?"

ಬೇರೆ ಯಾರಾದರೂ ಕೇಳಿದ್ದರೆ ಅತ್ತೆ ಉಳಿದಿಬ್ಬರನ್ನು ಗೋಗರೆದಾದರೂ ಒಪ್ಪಿಸುತ್ತಿದ್ದಳೋ ಏನೋ. ಕೇಳಿದವಳು ಮನೆಯವಳು. ಉಳಿದವರ ಕಣ್ಣು ತನ್ನ ಮೇಲಿತ್ತು. "ಸ್ವಲ್ಪ ತಡ್ಕೊ ಮಗಳೇ, ಊಟದ ಹೊತ್ತಾಗ್ಲಿ," ಎಂದಿದ್ದಳು.

ಈಗ ಸೊಸೆಯ ಮುಖ ಒಗೆದ ಚಾದರದಷ್ಟೇ ಬಿಳಿಚಿತ್ತು. ಒಂದೆರಡು ಚಾದರದ ಮಟ್ಟಿಗೆ ಮಡಚುವುದನ್ನು ಜೊತೆಯವಳಿಗೆ ಬಿಟ್ಟು ಅತ್ತೆ ಸಾಹೇಬರತ್ತ ನಡೆದಳು. ಅವರು ಇಬ್ಬರು ಅತಿಥಿಗಳಿಗೆ ಕಾರ್ಖಾನೆ ತೋರಿಸುತ್ತಿದ್ದರು.

"ಸಾಹೇಬ್ರೇ, ಹುಡುಗಿಗೆ ಆಗ್ತಿಲ್ಲ. ಒಬ್ಬರನ್ನ ಕೊಡಿ, ಒಂದ್ ಚೂರು ಹೊತ್ತು."

ಸಾಹೇಬರು ನಕ್ಕರು. "ನಾನ್ಯಾಕೆ ಕೊಡ್ಲಿ ಅಮ್ಮ? ನಾನು ಯಾರನ್ನೂ ತಡೆದಿಲ್ಲವಲ್ಲ. ನಿಮ್ಮ ತಂಡ, ನಿಮ್ಮ ನಿರ್ಧಾರ." ಅತಿಥಿಗಳತ್ತ ತಿರುಗಿ, "ನೋಡಿ, ಈಗ ಜವಾಬ್ದಾರಿ ಅವರದ್ದೇ," ಎಂದರು. ಅತಿಥಿಗಳು ತಲೆದೂಗಿದರು.

"ಅತ್ತೆ," ಎಂದಳು ಹಿಂದಿನಿಂದ ಸೊಸೆ. ಕೂಗಲಿಲ್ಲ. ಗಿಣಿಯಕ್ಕ ಹಿಡಿದಿದ್ದ ಚಾದರ ಒಂದೇ ಕಡೆಗೆ ಜೋತುಬಿತ್ತು. ಹುಡುಗಿ ಒದ್ದೆ ನೆಲದ ಮೇಲೆ ಕುಳಿತಿದ್ದಳು. ಅವಳ ಕೆಳಗಿನ ನೀರು ಕೆಂಪಾಗುತ್ತಿತ್ತು.

ಅತ್ತೆ ಓಡಿಬಂದು ಗುಂಡಿ ಒತ್ತಿದಳು. ಉರುಳೆ ನರಳಿ ನಿಂತಿತು. ಗೋಡೆಯ ಮೇಲೆ ಕೆಂಪು ದೀಪ ಹತ್ತಿತು.

"ಅಯ್ಯೋ ನನ್ನ ಹಾಳು ಬಾಯಿ," ಎಂದು ಗಿಣಿಯಕ್ಕ ಮಂಡಿಯೂರಿ ಹುಡುಗಿಯ ತಲೆಯನ್ನು ತೊಡೆಗೆ ಎಳೆದುಕೊಂಡಳು. "ಏನೂ ಆಗಲ್ಲ ಕಂದ. ಉಸಿರು ಬಿಡು, ಬಿಡು."

ಸಾಹೇಬರು ಬಂದರು. ದನಿ ಏರಿಸಲಿಲ್ಲ. "ಆಂಬುಲೆನ್ಸ್‌ಗೆ ಹೇಳ್ತೀನಿ. ಅಲ್ಲಿವರೆಗೆ ಅವರನ್ನ ಹಿಂದಿನ ಬಾಗಿಲ ಹತ್ರ ಮಲಗಿಸಿ. ಉಳಿದವರು ದಯವಿಟ್ಟು ಕೆಲಸಕ್ಕೆ. ಅತಿಥಿಗಳಿದ್ದಾರೆ. ನಾಯಕಿ, ನೀವೇ ಹೇಳಿ ಇವರಿಗೆ."

ಅತ್ತೆ ಅವರಿಗೆ ಬೆನ್ನು ತಿರುಗಿಸಿದಳು. ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲಿ ಮಡಚಿಟ್ಟಿದ್ದ ಚಾದರಗಳನ್ನೆಲ್ಲ ಹಾಸಿದಳು. ನಾಲ್ಕು ಕೈ ಸೇರಿ ಹುಡುಗಿಯನ್ನು ಎತ್ತಿ ಮಲಗಿಸಿದವು. ಪಕ್ಕದ ಉರುಳೆ ನಿಂತಿತು. ಅದರಾಚೆಯದೂ ನಿಂತಿತು. ಇಷ್ಟು ದಿನ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕಾಯುತ್ತಿದ್ದ ಹೆಂಗಸರು ಒದ್ದೆ ಕೈಗಳನ್ನು ಒರೆಸಿಕೊಳ್ಳದೆ ಬಂದು ಗಾಡಿ ಹಿಡಿದರು.

"ಹಿಂದಿನ ಬಾಗಿಲು ಆ ಕಡೆ," ಎಂದರು ಸಾಹೇಬರು.

"ಆಸ್ಪತ್ರೆ ಈ ಕಡೆ," ಎಂದಳು ಅತ್ತೆ. "ಸರಿಯೋ."

ಸಾಹೇಬರು ಸರಿಯಲಿಲ್ಲ. ಗಾಡಿಯೂ ನಿಲ್ಲಲಿಲ್ಲ. ಅದರ ಕಬ್ಬಿಣದ ಅಂಚು ಮೊಣಕಾಲಿಗೆ ಬಡಿದಾಗ ಅವರೇ ಗೋಡೆಗೆ ಅಂಟಿಕೊಂಡರು. ಮುಂಬಾಗಿಲಿನ ಬಳಿ ಅತಿಥಿಗಳು ದಾರಿ ಬಿಟ್ಟರು. ಹೊರಗೆ ಬಿಸಿಲಿತ್ತು. ರಸ್ತೆಯ ತುದಿಯ ಆಸ್ಪತ್ರೆಯವರೆಗೂ ಗಾಡಿ ತಳ್ಳುತ್ತಾ ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟಿದ್ದಳು. ಒಳಗಿನಿಂದ ಒಂದು ಒದೆತ ಬರಲೆಂದು ಕಾಯುತ್ತಿದ್ದಳು.