ಟವೆಲ್ ಹಾಕಿದ ಸೀಟು

ಹದಿನೇಳು ವರ್ಷದಿಂದ ನಾನು ಗೋಕಾಕ ಡಿಪೋದಲ್ಲಿ ಕಂಡಕ್ಟರ್. ಒಳಗ ಸರೀರಿ, ಲಗೂನ ಇಳೀರಿ, ಬಾಗಲದಾಗ ನಿಂದರಬ್ಯಾಡ್ರಿ. ದಿನವೆಲ್ಲ ನನ್ನ ಬಾಯಿಂದ ಬರುವುದು ಇಷ್ಟೇ. ಹೇಳಿದರೆ ಜನ ಸರಿಯುತ್ತಾರೆ, ಇಳಿಯುತ್ತಾರೆ, ಗೊಣಗುತ್ತಲಾದರೂ ಕೇಳುತ್ತಾರೆ. ಐವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಜನರನ್ನು ಹೊಂದಿಸಿ ಕೌಜಲಗಿ ಮುಟ್ಟಿಸಿದವನು ನಾನು. ಆದರೆ ಮನೆಯಲ್ಲಿ ಒಂಬತ್ತು ವರ್ಷದ ಒಂದು ಹುಡುಗಿಯನ್ನು ಅಟ್ಟದಿಂದ ಕೆಳಗಿಳಿಸುವುದು ನನ್ನಿಂದ ಆಗುತ್ತಿರಲಿಲ್ಲ.

ದಾನೇಶ್ವರಿ ನನ್ನ ಒಬ್ಬಳೇ ಮಗಳು. ಅವಳು ತಾನಾಗಿಯೇ ಹಲ್ಲುಜ್ಜಲು ಹೊರಟಿರುತ್ತಾಳೆ. ಅಷ್ಟರಲ್ಲಿ ನಾವು "ಹಲ್ಲ ತಿಕ್ಕು" ಅಂದೆವೋ, ಮುಗಿಯಿತು, ಬ್ರಶ್ಶು ಕೆಳಗೆ. ಶೇಂಗಾ ಹೋಳಿಗೆ ಅಂದರೆ ಪ್ರಾಣ, ಆದರೆ "ತಿನ್ನು" ಅಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಬೆಳಗಾವಿಯ ಡಾಕ್ಟರಮ್ಮ ಮೂರು ಸಲ ನೋಡಿ, ಇದು ಆಟಿಸಂ, ಯಾರಾದರೂ ಮಾಡು ಎಂದ ಕೂಡಲೇ ಮೈತುಂಬ ಹೆದರಿಕೆ ಹೊಕ್ಕುಬಿಡುವ ತರಹದ್ದು ಎಂದರು. "ಹಟಾ ಅಲ್ರಿ ಇದು. ಆಕಿಗೆ ಆಗೂದಿಲ್ಲ, ಅಷ್ಟ. ಒತ್ತಾಯ ಕಡಿಮಿ ಮಾಡ್ರಿ" ಅಂದರು. ನನ್ನ ಹೆಂಡತಿ ಶೋಭಾ ಅದನ್ನು ತಿಳಿದುಕೊಂಡಳು. ನಾನು ಬರೀ ಕೇಳಿಸಿಕೊಂಡೆ.

ಶೋಭಾ ಅಂಗನವಾಡಿ ಟೀಚರ್. ಅವಳು ಅಂದಿನಿಂದ ಮಗಳಿಗೆ ಏನನ್ನೂ ಮಾಡು ಎನ್ನುವುದನ್ನು ಬಿಟ್ಟಳು. ತಾಟಿಗೆ ರೊಟ್ಟಿ ಪಲ್ಯ ಹಾಕಿ ಏಣಿಯ ಬಾಜೂ ಇಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಾಳೆ: "ನೀರಂತೂ ಕಾದಾವಪಾ, ಯಾರ ಜಳಕಾ ಮಾಡ್ತಾರೋ ಏನೋ." ಒಂದು ತಾಸಿನ ಮೇಲೆ ಬಚ್ಚಲಲ್ಲಿ ತಂಬಿಗೆಯ ಸದ್ದು ಕೇಳುತ್ತದೆ, ಕೆಲವು ದಿನ ಕೇಳುವುದೇ ಇಲ್ಲ. ನನ್ನ ಅವ್ವ ಕಾಶೆವ್ವನಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿ. "ಹಿಂಗ ಗ್ವಾಡಿ ಕೂಡ ಮಾತಾಡಿ ಯಾರರೆ ಮಕ್ಕಳನ್ನ ಬೆಳಸ್ಯಾರೇನು? ಎರಡ ಬಾರಸು, ಎಲ್ಲಾ ನೆಟ್ಟಗ ಆಗತೈತಿ" ಅನ್ನುತ್ತಾಳೆ. ನಿಜ ಹೇಳುತ್ತೇನೆ, ಒಳಗೊಳಗೆ ನಾನು ಅವ್ವನ ಪಾರ್ಟಿಯೇ ಆಗಿದ್ದೆ.

ಅದು ಹೊರಗೆ ಬಿದ್ದದ್ದು ಈಗ ಹೇಳಹೊರಟಿರುವ ದಿನಕ್ಕೆ ಹನ್ನೊಂದು ದಿನ ಮೊದಲು. ಸಾಲಿಯಿಂದ ಹೆಡ್‌ಮಾಸ್ತರ ಫೋನು ಬಂತು: ಎರಡು ತಿಂಗಳಿಂದ ಹಾಜರಿ ಇಲ್ಲ, ಈ ತಿಂಗಳೊಳಗೆ ಹುಡುಗಿ ಬರಬೇಕು, ಇಲ್ಲವೇ ಸರ್ಕಾರಿ ಡಾಕ್ಟರ ಸರ್ಟಿಫಿಕೇಟು ಬರಬೇಕು, ಎರಡೂ ಇಲ್ಲದಿದ್ದರೆ ಹೆಸರು ತೆಗೆಯುತ್ತೇವೆ. ಶೋಭಾ ಮನೆಯಲ್ಲಿರಲಿಲ್ಲ. ನನ್ನ ತಲೆ ತಿರುಗಿತು. ಅಟ್ಟ ಹತ್ತಿ ರಟ್ಟೆ ಹಿಡಿದು ಎಳೆದುಕೊಂಡು ಬಂದೆ, ಬೈಕಿನ ಮೇಲೆ ಕೂರಿಸಿದೆ, ಹಿಂದಿನಿಂದ ಅವ್ವ ಒತ್ತಿ ಹಿಡಿದಳು. ಸಾಲಿಯ ಗೇಟಿನಲ್ಲಿ ದಾನೇಶ್ವರಿ ನನ್ನ ಮುಂಗೈ ಕಚ್ಚಿದಳು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಮೇಲಿನ ಕಟ್ಟೆಯಿಂದ ಮಕ್ಕಳು ನೋಡುತ್ತಿದ್ದರು. ಅವಳ ರಟ್ಟೆಯ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ದವು.

ಅವತ್ತಿನಿಂದ ನನ್ನ ಜೊತೆ ಒಂದು ಮಾತಿಲ್ಲ. ಹೊರಗೆ ನನ್ನ ಬೈಕಿನ ಸದ್ದಾದರೆ ಸಾಕು, ಬಿದಿರಿನ ಏಣಿಯನ್ನು ಅಟ್ಟದ ಮೇಲೆ ಎಳೆದುಕೊಂಡುಬಿಡುತ್ತಿದ್ದಳು. ಆ ಏಣಿ ಹಲಗೆಗೆ ತಾಗುವ ಸದ್ದಿದೆಯಲ್ಲ, ಅದನ್ನು ಕೇಳಿ ನಾನು ಎಷ್ಟೋ ಸಲ ಮನೆಯೊಳಗೆ ಹೋಗದೆ ಕಟ್ಟೆಯ ಮೇಲೇ ಚಹಾ ಕುಡಿದಿದ್ದೇನೆ.

ಸರ್ಟಿಫಿಕೇಟು ಕೊಡುವ ಗೋಕಾಕದ ಶಿಬಿರ ಹಿಂದಿನ ತಿಂಗಳೇ ಆಗಿಹೋಗಿತ್ತು. ಉಳಿದದ್ದು ಹುಕ್ಕೇರಿಯದು, ಒಂದೇ ದಿನ, ಮಧ್ಯಾಹ್ನ ಒಂದರವರೆಗೆ. ಅದೇ ದಿನ ಶೋಭಾಗೆ ಮೂಡಲಗಿಯಲ್ಲಿ ತರಬೇತಿ, ತಪ್ಪಿಸುವಂತಿಲ್ಲ. ಹಿಂದಿನ ಸಂಜೆ ಅವಳು ಅಕ್ಕಿ ಆರಿಸುತ್ತ ಗೋಡೆಗೆ ಹೇಳಿದಳು: "ನಾಳೆ ಇವರು ಹುಕ್ಕೇರಿಗೆ ಹೊಂಟಾರ. ಅಲ್ಲೆ ಡಾಕ್ಟರು ನೋಡ್ತಾರಂತ, ಸೂಜಿ ಏನ ಇಲ್ಲ. ಹತ್ತೂವರಿ ಬಸ್ಸು. ಇವರ ಬಾಜೂಕ ಒಂದ ಸೀಟ ಇರತೈತಿ."

ಬೆಳಿಗ್ಗೆ ನಾನು ಅಂಗಳದಲ್ಲಿ ಬೈಕು ಒರೆಸಿದ್ದನ್ನೇ ಒರೆಸುತ್ತಿದ್ದೆ. ಒಂಬತ್ತೂವರೆಗೆ ಏಣಿ ಇಳಿಯಿತು. ದಾನೇಶ್ವರಿ ಚಪ್ಪಲಿ ಮೆಟ್ಟಿ, ತನ್ನ ನೋಟ್‌ಬುಕ್ಕು ಕಂಕುಳಲ್ಲಿಟ್ಟುಕೊಂಡು, ಯಾರನ್ನೂ ನೋಡದೆ ಗೇಟಿನ ಹತ್ತಿರ ನಿಂತಳು. ಬಸ್ಸುಗಳ ಬೋರ್ಡು ಬರೆದುಕೊಳ್ಳುವ ನೋಟ್‌ಬುಕ್ಕು ಅದು. ಮೊದಲೆಲ್ಲ ರವಿವಾರಗಳಂದು ನನ್ನ ಬಸ್ಸಿನಲ್ಲಿ ಎಡಗಡೆಯ ಎರಡನೇ ಕಿಟಕಿ ಸೀಟಿನಲ್ಲಿ ಕೂತು, ಎದುರು ಬಂದ ಪ್ರತಿ ಬಸ್ಸಿನ ಊರು, ನಂಬರು ಬರೆಯುತ್ತಿದ್ದಳು. ಬೇರೆ ಸೀಟಿನಲ್ಲಿ ಎಂದೂ ಕೂತವಳಲ್ಲ.

ಶೋಭಾ ನನ್ನನ್ನು ಒಳಗೆ ಕರೆದಳು. "ನೀವು ಬಾಯಿ ಮುಚ್ಚಿಕೊಂಡಿರ್ರಿ, ಅಷ್ಟ ಸಾಕು. ಆಕಿಗೆ ಆಗಲಿಲ್ಲಂದ್ರ ವಾಪಸ್ ಬರ್ರಿ. ಕಾಗದ ಹೋದ್ರ ಹೋತು. ಆಕಿ ಮತ್ತ ಏಣಿ ಎಳಕೊಂಡ್ಲಂದ್ರ ಇಳಸಾಕ ನನಗೂ ಬರೂದಿಲ್ಲರಿ."

"ಕಾಗದ ಹೋದ್ರ ಸಾಲೀನೂ ಹೋತು. ಗೊತ್ತೈತಿಲ್ಲ ನಿನಗ?"

"ಗೊತ್ತೈತ್ರಿ" ಅಂದಳು. ಕಣ್ಣು ಒರೆಸಿಕೊಂಡು ಮೂಡಲಗಿಗೆ ಹೊರಟಳು.

ಸ್ಟ್ಯಾಂಡಿನವರೆಗೆ ನಡೆದೇ ಹೋದೆವು. ನಾನು ಮುಂದೆ, ಹತ್ತು ಹೆಜ್ಜೆ ಹಿಂದೆ ಅವಳು. ಲಗೂನ ಬಾ ಎನ್ನಲು ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ. ಹುಕ್ಕೇರಿ ಬಸ್ಸು ಇನ್ನೂ ತಿರುಗಿ ನಿಲ್ಲುವಷ್ಟರಲ್ಲೇ ಜನ ಮುಗಿಬಿದ್ದರು. ಕಿಟಕಿಗಳಿಂದ ಟವೆಲ್ಲು, ಚೀಲ, ಒಂದು ಕೂಸಿನ ಟೋಪಿ, ಎಲ್ಲ ಒಳಗೆ ಹಾರತೊಡಗಿದವು. ಈ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ಕಂಡರೆ ನನಗೆ ಆಗದು. ಹದಿನೇಳು ವರ್ಷ ಅವರ ಜೊತೆ ಜಗಳಾಡಿದ್ದೇನೆ. ಅಂಥ ನಾನೇ ಅವತ್ತು ಹೆಗಲ ಮೇಲಿನ ಹಸಿರು ಅಂಚಿನ ಟವೆಲ್ ತೆಗೆದು ಎಡಗಡೆಯ ಎರಡನೇ ಕಿಟಕಿಯಿಂದ ಒಗೆದೆ.

ನೂಕಾಡಿಕೊಂಡು ಹತ್ತಿ ನೋಡಿದರೆ ಟವೆಲ್ಲಿನ ಮೇಲೆ ಒಬ್ಬ ಮುದುಕ ಕೂತಿದ್ದ. ಹೆಗಲ ಮೇಲೆ ಕಂಬಳಿ. ಗುರುತಿನವನೇ, ಅಂಕಲಗಿಯ ಕುರಿಗಾರ ಶೆಟ್ಟೆಪ್ಪ.

"ಕಾಕಾ, ಟವೆಲ್ ಹಾಕಿದ್ನೆಲ್ಲರಿ" ಅಂದೆ.

"ಟವೆಲ್ ಏನ ಟಿಕೀಟ ಏನೋ ತಮ್ಮಾ?" ಅಂದ ಶೆಟ್ಟೆಪ್ಪ. "ಹ್ವಾದ ವರ್ಷ ಅಂಕಲಗಿ ಬಸ್ಸಿನ್ಯಾಗ ಇದ ಮಾತ ಅಂದು ನೀನ ನನ್ನ ಎಬ್ಬಿಸಿದ್ದಿ. ನೆನಪೈತೇನು?"

ಬಸ್ಸು ಗೊಳ್ಳೆಂದಿತು. ನನಗೆ ನೆನಪಿತ್ತು. ಹಿಂದೆ ತಿರುಗಿದೆ. ಬಾಗಿಲಲ್ಲಿ ಹತ್ತಿ ನಿಂತಿದ್ದ ದಾನೇಶ್ವರಿ ಸೀಟನ್ನು ನೋಡಿದಳು, ಅದರಲ್ಲಿ ಕೂತ ಮುದುಕನನ್ನು ನೋಡಿದಳು, ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎರಡೂ ಕೈಯಿಂದ ಸರಳು ಹಿಡಿದಿದ್ದಳು.

ಕಂಡಕ್ಟರ್ ಮಲ್ಲೇಶ ನನ್ನ ಡಿಪೋದ ಹುಡುಗನೇ. "ಬಸಣ್ಣಾ, ಮಗಳನ್ನ ಒಳಗ ಕರಕೋ, ಟೈಮ್ ಆತು" ಅಂದ. ಕೆಳಗೆ ಇನ್ನೂ ಹತ್ತುವವರಿದ್ದರು. ಹಿಂದಿನಿಂದ ಒಬ್ಬ ಕೂಗಿದ: "ಎತ್ತಿ ಒಳಗ ಹಾಕ್ರಿ ಅಕಿನ್ನ! ಮಕ್ಕಳನ್ನ ಹಿಂಗ ಬೆಳಸಿದ್ರ ಹೆಂಗ?"

ಎತ್ತಲು ಹತ್ತು ಸೆಕೆಂಡು ಸಾಕಿತ್ತು. ಅವಳ ತೂಕ ಎಷ್ಟು ಮಹಾ? ಎತ್ತಿ, ಕಾಲ ಸಂದಿಯಲ್ಲಿ ಹಿಡಿದುಕೊಂಡು ಕೂತರೆ ಒಂದೂಕಾಲು ತಾಸಿಗೆ ಹುಕ್ಕೇರಿ, ಡಾಕ್ಟರು, ಕಾಗದ, ಸಾಲಿ. ನನ್ನ ಕೈ ಮುಂದೆ ಹೋಗಿಯೇ ಬಿಟ್ಟಿತ್ತು. ಅವಳು ಆ ಕೈಯನ್ನು ನೋಡಿದಳು. ಸರಳು ಬಿಟ್ಟ ಅವಳ ಒಂದು ಕೈ ರಟ್ಟೆಯ ಮೇಲೆ, ನನ್ನ ಬೆರಳು ಮೂಡಿದ್ದ ಜಾಗಕ್ಕೆ ಹೋಗಿ ಅದನ್ನು ಮುಚ್ಚಿಕೊಂಡಿತು.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ.

"ಅಕಿ ಹಟಾ ಮಾಡಾಕತ್ತಿಲ್ರಿ" ಅಂದೆ. ಬಸ್ಸಿಗೆಲ್ಲ ಕೇಳುವ ನನ್ನ ಕೆಲಸದ ದನಿಯಲ್ಲೇ ಅಂದೆ. "ಅಕಿ ಹುಟ್ಟಿದ್ದ ಹಂಗ. ಗದ್ದಲಾ ಆದ್ರ, ಒತ್ತಾಯ ಮಾಡಿದ್ರ ಆಕಿಗೆ ಆಗೂದಿಲ್ಲ. ಕಾಲಿಲ್ಲದವರಿಗೆ ಓಡು ಅಂತೀರೇನು? ಹಂಗ ಇದೂ." ಡಿಪೋದಲ್ಲಿ ಕೂಡ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಮಾತು. ಅರ್ಧ ಬಸ್ಸು ನನ್ನ ಗುರುತಿನವರದು.

ಶೆಟ್ಟೆಪ್ಪ ಕಂಬಳಿ ಎತ್ತಿಕೊಂಡು ಎದ್ದು ನಿಂತ. "ಮೊದಲ ಹೇಳಬೇಕಿಲ್ಲೋ ತಮ್ಮಾ. ಕುಂಡ್ರಲಿ ಕೂಸು." ಆಗಲೇ ಕೆಟ್ಟದ್ದು. ಬೈಯುತ್ತಿದ್ದ ಜನವೆಲ್ಲ ಒಮ್ಮೆಲೇ ಅಕ್ಕರೆಗೆ ಇಳಿಯಿತು. ಬಾರವ್ವಾ, ಕುಂಡ್ರು ಬಾ, ಸೀಟ ಬಿಟ್ಟಾರ ನೋಡು, ಶಾಣ್ಯಾಕಿ ಅಲ್ಲ ನೀ? ಒಬ್ಬರು ಪೆಪ್ಪರಮಿಂಟು ಚಾಚಿದರು. ಮುಂದಿನ ಸೀಟಿನ ಸುಂದ್ರವ್ವ ಎಂಬ ಹಣ್ಣಿನ ಬುಟ್ಟಿಯವಳು ಬಗ್ಗಿ ಅವಳ ಗದ್ದ ಹಿಡಿದಳು. ದಾನೇಶ್ವರಿ ಕಿವಿ ಮುಚ್ಚಿಕೊಂಡು ಚೀರಿದಳು, ಮೆಟ್ಟಿಲು ಜಿಗಿದು ಜನರ ಕಾಲ ನಡುವೆ ನುಗ್ಗಿ ಓಡಿಹೋದಳು.

ನಾನೂ ಜಿಗಿದೆ. ಹಿಂದೆ ಮಲ್ಲೇಶನ ಶಿಳ್ಳೆ ಕೇಳಿತು. ಚಲಿಸುತ್ತಿದ್ದ ಬಸ್ಸಿನ ಕಿಟಕಿಯಿಂದ ಶೆಟ್ಟೆಪ್ಪ ನನ್ನ ಟವೆಲ್ ಹೊರಗೆ ಒಗೆದ.

ಅವಳು ಕೊನೆಯ ಪ್ಲಾಟ್‌ಫಾರ್ಮಿನ ಹಳೇ ಕಟ್ಟಿಗೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಮನೆಯಲ್ಲಿ ಹೀಗಾದಾಗ ತಾಯಿಯ ಸೀರೆಯನ್ನು ತಲೆಮೇಲೆ ಹಾಕಿಕೊಳ್ಳುತ್ತಾಳೆಂದು ಶೋಭಾ ಹೇಳಿದ್ದಳು. ಟವೆಲ್ಲಿನ ಧೂಳು ಜಾಡಿಸಿ ಬೆಂಚಿನ ತುದಿಗಿಟ್ಟು, ಏನೂ ಅನ್ನದೆ ದೂರ ಹೋದೆ. ತಿರುಗಿ ನೋಡಿದಾಗ ಅದು ಅವಳ ತಲೆಯ ಮೇಲಿತ್ತು.

ಮುಂದಿನ ಬಸ್ಸು ಹನ್ನೊಂದೂವರೆಗೆ. ಅದು ಹನ್ನೆರಡೂ ಮುಕ್ಕಾಲಿಗೆ ಮುಟ್ಟಿಸಿದರೂ ಓಡಿಹೋಗಿ ಕೆಲಸ ಮಾಡಿಸಬಹುದಿತ್ತು. ಅಲ್ಲಿಯವರೆಗೆ ನಾನು ಮಾಡಬೇಕಾದದ್ದು ಏನೂ ಇರಲಿಲ್ಲ, ಆ ಏನೂ ಇಲ್ಲದ್ದೇ ನನ್ನಿಂದ ಆಗುತ್ತಿರಲಿಲ್ಲ. ಕಂಟ್ರೋಲ್ ರೂಮಿಗೆ ಹೋದೆ, ಬಂದೆ. ಚಹಾ ಹೇಳಿ ಅರ್ಧ ಕುಡಿದು ಚೆಲ್ಲಿದೆ. ಗಡಿಯಾರ ನೋಡಿದೆ, ಎರಡು ನಿಮಿಷ ಆಗಿತ್ತು. ಅವ್ವ ಫೋನು ಮಾಡಿ "ಮುಟ್ಟಿದ್ರ್ಯಾ?" ಎಂದಳು. "ಇನ್ನೂ ಸ್ಟ್ಯಾಂಡಿನ್ಯಾಗ ಅದೇವಿ" ಎಂದು ಅವಳು ಮುಂದೆ ಬಾಯಿ ತೆರೆಯುವುದರೊಳಗೆ ಕಟ್ ಮಾಡಿದೆ. ಬೆಂಚಿನ ಮೇಲೆ ಮಗಳು ಟವೆಲ್ ಮಡಿಲಿಗೆ ಇಳಿಸಿ, ಇತ್ತ ತಿರುಗಿ, ನೋಟ್‌ಬುಕ್ಕು ತೆರೆದಿದ್ದಳು.

ಹನ್ನೊಂದೂವರೆ ಬಸ್ಸು ಬಂತು. ಹುಕ್ಕೇರಿ ಬೋರ್ಡು, ಅರ್ಧಕ್ಕರ್ಧ ಖಾಲಿ. ಎಡಗಡೆಯ ಎರಡನೇ ಸೀಟಿನಲ್ಲಿ ಯಾರೂ ಇರಲಿಲ್ಲ. ಹೋಗೋಣ ಅಂದರೆ ಒತ್ತಾಯ. ಸೀಟು ಖಾಲಿ ಐತಿ ಅಂದರೂ ಒತ್ತಾಯವೇ, ಸಕ್ಕರೆ ಹಚ್ಚಿದ್ದು, ಅವಳಿಗೆ ತಿಳಿಯುತ್ತದೆ. ಸುಮ್ಮನೆ ನಾನು ಹತ್ತಿ ಕೂತರೆ? ಆಗ ಹೆದರಿ ಹಿಂದೆ ಬಂದಾಳು, ಅದು ಇನ್ನೂ ನೀಚತನ. ಡ್ರೈವರ್ ಇಂಜಿನ್ ಶುರು ಮಾಡಿದ. ನಾನು ಬಸ್ಸಿಗೂ ಬೆಂಚಿಗೂ ನಡುವೆ ನಿಂತು ಟೊಂಕದ ಮೇಲೆ ಕೈ ಇಟ್ಟೆ, ತೆಗೆದೆ.

ಅಷ್ಟರಲ್ಲಿ ಗೊಬ್ಬರದ ಚೀಲ ಹೊತ್ತ ಒಬ್ಬ ದಪ್ಪ ಮನುಷ್ಯ ಬೆಂಚಿನ ಹತ್ತಿರ ಬಂದು, ಅವಳ ಪಕ್ಕದಲ್ಲಿ ಕೂರಲು ಬಗ್ಗಿದ. ದಾನೇಶ್ವರಿ ಮಡಿಲಲ್ಲಿದ್ದ ಟವೆಲ್ ಎತ್ತಿ ಆ ಜಾಗದಲ್ಲಿ ರಪ್ಪನೆ ಹಾಕಿದಳು.

"ಕುಂಡ್ರಬ್ಯಾಡ್ರಿ. ಟವೆಲ್ ಹಾಕೇನಿ."

ಅವನಿಗೆ ನಗು ಬಂತು. "ಯಾರಿಗವ್ವಾ?"

"ನಮ್ಮಪ್ಪಗ" ಅಂದಳು. ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ.

ಹಿಂದೆ ಕಂಡಕ್ಟರನ ಶಿಳ್ಳೆ ಕೇಳಿತು. ಒಂದರೊಳಗೆ ಮುಟ್ಟಿಸುವ ಕೊನೆಯ ಬಸ್ಸು ಇದೇ, ಇದರ ಜೊತೆ ಕಾಗದ ಹೋಗುತ್ತದೆ, ಸಾಲಿ ಹೋಗುತ್ತದೆ, ಸಂಜೆ ಅವ್ವ ನನ್ನ ಮಾನ ಹರಾಜು ಹಾಕುತ್ತಾಳೆ ಎಂದು ಗೊತ್ತಿತ್ತು. ನಾನು ಹೋಗಿ ಟವೆಲ್ಲಿನ ಮೇಲೆ ಕೂತೆ. ಬಸ್ಸು ಹೊರಟುಹೋಯಿತು. ಅವಳು ಅದರ ಊರು, ನಂಬರು ಬರೆದುಕೊಂಡಳು. ನನಗೆ ಅಳು ಬಂತು. ಸ್ಟ್ಯಾಂಡಿನಲ್ಲಿ ಎಲ್ಲರೂ ಗುರುತಿನವರೆಂದು ಮುಖ ಆಚೆ ತಿರುಗಿಸಿದೆ.

ಮುಂದೆ ಬಂದ ಬಸ್ಸಿನ ಬೋರ್ಡು ಬರೆಯುತ್ತ ಅವಳು ಅಂದಳು: "ಅಪ್ಪಾ, ಕಾಲ ಅಲಗಸಬ್ಯಾಡ. ಬೆಂಚ ಅಲಗತೈತಿ, ಅಕ್ಷರ ಸೊಟ್ಟ ಆಗಾಕತ್ತಾವ."

ಹನ್ನೊಂದು ದಿನದ ಮೇಲಿನ ಮೊದಲ ಮಾತು. ನನ್ನ ಬಲಗಾಲು ಕೂತಾಗಿನಿಂದ ಕುಣಿಯುತ್ತಲೇ ಇತ್ತೆಂದು ಆಗಲೇ ನನಗೆ ಗೊತ್ತಾಯಿತು. ನಿಲ್ಲಿಸಿದೆ. ಮತ್ತೆ ಕುಣಿಯಿತು. ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದೆ, ಕೈಯೂ ಸೇರಿ ಅಲುಗಿತು.

ದಾನೇಶ್ವರಿ ಆ ಕಾಲನ್ನೇ ನೋಡಿದಳು. "ಆಗೂದಿಲ್ಲೇನ ನಿನಗ?"

"ಆಗವಲ್ದವ್ವಾ."

"ಇರಲಿ ಬಿಡು" ಅಂದಳು. ಬೆಂಚಿನ ಮೇಲಿದ್ದ ನೋಟ್‌ಬುಕ್ಕನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬರೆಯತೊಡಗಿದಳು.