ಎಂಜಿನ್ ಕೆಟ್ಟಿದೆ, ನಡೆದೇ ಬನ್ನಿ

ರೈಲು ಓಡಾಟ ನಿಂತ ಮೇಲ್ಸೇತುವೆಗೆ ಹುಲ್ಲು ಹೊದಿಸಿ, ಹಳಿಗಳ ನಡುವೆ ಹೂಗಿಡ ನೆಟ್ಟು, ಪಾರ್ಕು ಎಂದರು. ಬಂದವರಿಗೆ ತೋರಿಸಲು ಗೈಡು ಬೇಕೆಂದಾಗ ಅರ್ಜಿ ಹಾಕಿದವರು ಇಬ್ಬರೇ. ಅದೇ ಲೈನಿನ ಗೂಡ್ಸ್ ಗಾಡಿಯಲ್ಲಿ ಮೂವತ್ತು ವರ್ಷ ಒಟ್ಟಿಗೆ ದುಡಿದು ನಿವೃತ್ತರಾದ ಗಾರ್ಡು ಮತ್ತು ಡ್ರೈವರ್. ಡ್ರೈವರ್ ಬೇರೆ ಯಾರೂ ಅಲ್ಲ, ಗಾರ್ಡಿನ ಹೆಂಡತಿಯ ಖಾಸಾ ತಮ್ಮ.

ಡ್ರೈವರಿಗೆ ಇದು ಹೊತ್ತು ಹೋಗದವನ ಶೋಕಿ. ಗಾರ್ಡಿಗೆ ಹಾಗಲ್ಲ, ಮೂರು ವರ್ಷದಿಂದ ಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿದು ಬೆರಳು ನಾರುತ್ತಿದ್ದವು.

"ಪಾರ್ಕು ನೋಡೋಕೆ ಬಂದೋರು ಹನ್ನೆರಡು ಜನ ಇದ್ದಾರೆ. ಆ ತುದಿ ಸ್ಟೇಷನ್ನಿಗೆ ಯಾರು ಕರ್ಕೊಂಡು ಬರ್ತೀರೋ ಅವರಿಗೆ ಕೆಲಸ," ಎಂದು ಪಾರ್ಕಿನ ಮೇಡಂ ಮುಂದೆ ಹೋಗಿ ಕಾದು ಕೂತರು.

ಡ್ರೈವರ್ ಎದೆಯುಬ್ಬಿಸಿ ಮುಂದೆ ನಡೆದ, ಹನ್ನೆರಡೂ ಜನ ಅವನ ಬೆನ್ನಿಗೆ. ಗಾರ್ಡು ಅಭ್ಯಾಸಬಲದಿಂದ ಕೊನೆಯಲ್ಲಿ ನಿಂತ. ಜೀವಮಾನವಿಡೀ ಕಡೇ ಡಬ್ಬಿಯಿಂದ ಹಿಂದಕ್ಕೆ ನೋಡಿದವನು. ದಾಟಿಹೋದದ್ದು ಮಾತ್ರ ಅವನಿಗೆ ಗೊತ್ತು.

"ಆಗ್ಲೇ ಹೋಯ್ತಲ್ಲ, ಅದು ಸಿಗ್ನಲ್ ಕಂಬ," ಎಂದ. ಯಾರೂ ತಿರುಗಲಿಲ್ಲ.

"ಭಾವಾ, ದೀಪ ಹಚ್ಕೊಂಡು ನಿಧಾನಕ್ಕೆ ಬನ್ನಿ!" ಮುಂದಿನಿಂದ ಡ್ರೈವರ್ ಕೂಗಿದ. ಜನ ಗೊಳ್ಳೆಂದರು.

ಅರ್ಧ ದಾರಿ ಮುಗಿದಿತ್ತು. ಗಾರ್ಡು ಹೆಗಲ ಮೇಲಿದ್ದ ಕೆಂಪು ಟವೆಲು ಬಿಡಿಸಿ ಎತ್ತಿಹಿಡಿದು, ಜೇಬಿನ ಸೀಟಿ ತೆಗೆದು ಮೂರು ಸಲ ಊದಿದ.

ಡ್ರೈವರ್ ತಿರುಗಿ ನೋಡಿದ. ಕೆಂಪು. ಕಾಲು ನೆಲಕ್ಕೆ ಕಚ್ಚಿಕೊಂಡಿತು.

"ಯಾಕ್ ಸಾರ್ ನಿಂತ್ರಿ?" ಕೊಡೆ ಹಿಡಿದ ಹೆಂಗಸು ಕೇಳಿದಳು.

"ಗಾರ್ಡು ಹಸಿರು ತೋರಿಸ್ದೆ ಹೊರಡೋ ಹಾಗಿಲ್ಲಮ್ಮ." ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಆದರೆ ಮೂವತ್ತು ವರ್ಷದ ಕಾಲು ಮಾತು ಕೇಳಬೇಕಲ್ಲ.

"ಎಂಜಿನ್ ಕೆಟ್ಟಿದೆ, ನಡ್ಕೊಂಡೇ ಹೋಗೋಣ ಬನ್ನಿ," ಎಂದು ಗಾರ್ಡು ಟವೆಲನ್ನು ಸೇತುವೆಯ ತಡೆಗಂಬಿಗೆ ಕಟ್ಟಿ, ಹನ್ನೆರಡೂ ಜನರನ್ನು ಕರೆದುಕೊಂಡು ಡ್ರೈವರನ್ನು ದಾಟಿ ಹೊರಟ.

"ಭಾವಾ, ಇದು ಮೋಸ!"

ಆ ತುದಿ ಸ್ಟೇಷನ್ನಿನಲ್ಲಿ ಮೇಡಂ ತಲೆ ಎಣಿಸಿ ಗಾರ್ಡಿನ ಕೈಕುಲುಕಿದರು. "ನಾಳೆಯಿಂದ ಬನ್ನಿ. ಅಂದ್ಹಾಗೆ, ಇನ್ನೊಬ್ರೆಲ್ಲಿ?"

ಗಾರ್ಡಿಗೆ ಆಗ ಹೆಂಡತಿಯ ಮುಖ ನೆನಪಾಯಿತು. ತಮ್ಮನನ್ನು ಬಿಸಿಲಲ್ಲಿ ನಿಲ್ಲಿಸಿ ಬಂದವನಿಗೆ ಆ ಮನೆಯಲ್ಲಿ ಊಟವಿಲ್ಲ. ಬಿದ್ದಂಬೀಳ ಹಿಂದಕ್ಕೆ ಓಡಿದ. ಹಸಿರು ಬಾವುಟ ಎಲ್ಲಿಂದ ತರುವುದು? ಪಾತಿಯಿಂದ ಒಂದು ಅಗಲ ಎಲೆ ಕಿತ್ತು ಬೀಸಿದ.

ಡ್ರೈವರ್ ಕೈಕಟ್ಟಿ ನಿಂತೇ ಇದ್ದ. "ಎಲೆ ಕೀಳಬಾರದು ಅಂತ ಬೋರ್ಡಿದೆ, ಗೈಡು ಸಾಹೇಬ್ರೇ."

"ಮುಚ್ಕೊಂಡು ಹೊರಡೋ. ನಿಮ್ಮಕ್ಕ ಕಾಯ್ತಿರ್ತಾಳೆ."

ಡ್ರೈವರ್ ಎಲೆಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿದ. ಬಾಯಲ್ಲೇ ಉದ್ದಕ್ಕೆ ಕೂ ಎಂದು ಹೊರಟ.