ಬೆನ್ನ ಹಿಂದಿನ ಕುರ್ಚಿ

ಪಾಲಯ್ಯನ ಕಾಲ್ಗುಣ ಕೆಟ್ಟದ್ದು ಎಂದು ದಾವಣಗೆರೆಯ ಹಳೇಪೇಟೆ ತೀರ್ಮಾನಿಸಿ ಎಂಟು ವರ್ಷವಾಗಿತ್ತು. ಮೊದಲ ಹೆಂಡತಿ ಓಬವ್ವ ಹೆರಿಗೆಯಲ್ಲಿ ಹೋದಳು. ಎರಡನೆಯವಳು ಕೊಟ್ರವ್ವ, ಮದುವೆಯಾದ ವರ್ಷದೊಳಗೆ ವಿಷಮಶೀತ ಜ್ವರದಲ್ಲಿ ಹೋದಳು. ಓಬವ್ವ ಹೆತ್ತು ಬಿಟ್ಟುಹೋಗಿದ್ದ ಮಗಳು ಸಿಡುಬು ಎದ್ದು ಹೋದಳು. ಜನಕ್ಕೆ ಅಷ್ಟು ಸಾಕಾಯಿತು. ಬೆಳಿಗ್ಗೆ ಅವನು ಗಿರಣಿಗೆ ಹೊರಟರೆ ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ಒಳಗೆ ಹೋಗುತ್ತಿದ್ದರು. ಬಸುರಿ ಇದ್ದ ಮನೆಯವರು ಬಾಗಿಲು ಎಳೆದುಕೊಳ್ಳುತ್ತಿದ್ದರು. ಹತ್ತಿ ಗಿರಣಿಯಲ್ಲಿ ನೂಲಿನ ಮೇಸ್ತ್ರಿಯಾಗಿದ್ದ ಅವನು ಯಾರ ತಂಟೆಗೂ ಹೋದವನಲ್ಲ, ಯಾರಿಗೂ ಎದುರು ಮಾತಾಡಿದವನಲ್ಲ. ಅಂಥವನನ್ನೇ ಊರು ಹುಡುಕಿ ಹಿಡಿಯುತ್ತದೆ. ಜಗಳಗಂಟರಿಗೆ ಯಾವ ಕಾಲ್ಗುಣವೂ ಅಂಟುವುದಿಲ್ಲ.

ಅವನ ಮನೆಯ ಹೊಸ್ತಿಲು ದಾಟುತ್ತಿದ್ದವನು ಒಬ್ಬನೇ, ಕೆಂಚವೀರಪ್ಪ. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಆಸಾಮಿ, ಪಾಲಯ್ಯನ ಜೊತೆ ಮಣ್ಣಿನಲ್ಲಿ ಆಡಿ ಬೆಳೆದವನು. ಸಂಜೆ ಅಂಗಡಿ ಮುಚ್ಚಿದ ಮೇಲೆ ಬಂದು ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ. ಮಗಳು ಸತ್ತ ವಾರ, ಎಲ್ಲರೂ ದೂರದಿಂದಲೇ ಲೊಚಗುಟ್ಟುತ್ತಿದ್ದಾಗ ಅವನೊಬ್ಬ ಹತ್ತಿರ ಬಂದು ಭುಜ ಹಿಡಿದು ಹೇಳಿದ್ದ: "ಹೆರಿಗಿ ಕಷ್ಟ ಆತು, ಜ್ವರ ಬಂತು, ಸತ್ರು. ಸಿಡುಬು ಬಂತು, ಸತ್ಲು. ಅದಕ್ಕ ನಿನ್ನ ಕಾಲು ಏನು ಮಾಡ್ತೈತೋ ಹುಚ್ಚಾ?"

ಈ ಒಂದು ಮಾತಿನ ಮೇಲೆ ಪಾಲಯ್ಯ ಎಂಟು ವರ್ಷ ಬದುಕಿದ. ಉತ್ಪ್ರೇಕ್ಷೆ ಮಾಡುತ್ತಿಲ್ಲ. ರಾತ್ರಿ ನಿದ್ದೆ ಬಾರದೆ, ಊರು ಹೇಳುವುದೇ ನಿಜವಿರಬಹುದೇ, ಆ ಮೂವರನ್ನೂ ನಾನೇ ತಿಂದೆನೇ ಎಂಬ ಯೋಚನೆ ಬಂದಾಗಲೆಲ್ಲ ಅವನು ಕೆಂಚವೀರಪ್ಪನನ್ನು ನೆನೆಯುತ್ತಿದ್ದ. ನಿಜವಾಗಿದ್ದರೆ ಅಂಗಡಿ ಇಟ್ಟ ಸಾವುಕಾರ ನನ್ನ ಪಕ್ಕ ಕೂರುತ್ತಿದ್ದನೇ ಎಂದು ಮಗ್ಗುಲು ಬದಲಿಸುತ್ತಿದ್ದ.

ಕನ್ನಡ ನಾಡು ಒಂದಾದ ಮರುವರ್ಷದ ದೀಪಾವಳಿಗೆ ಕೆಂಚವೀರಪ್ಪ ಬಂದು, "ಹರಿಹರಕ್ಕ ಹೋಗಾಣ ಬಾರೋ. ಪಾಡ್ಯ, ಬಿದಿಗಿ ಎರಡು ದಿನ. ಹೊಳಿ ದಂಡಿ ಬಂಗಲೆ, ಎಣ್ಣೆ ಸ್ನಾನ, ಹೋಳಿಗಿ ಊಟ. ಖರ್ಚೆಲ್ಲ ನಂದು" ಎಂದಾಗ ಪಾಲಯ್ಯ ಹಿಗ್ಗಿ ಹೀರೇಕಾಯಿಯಾದ. ಹಬ್ಬದ ದಿನ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಹೊಸ ಅಂಗಿ ಹೊಲಿಸಿದ. ಧೋತರಕ್ಕೆ ತಾನೇ ನೀಲಿ ಹಾಕಿ ಒಣಗಿಸಿದ. ಪಾಡ್ಯದ ಬೆಳಿಗ್ಗೆ, "ನೀನು ಮೊದಲನೇ ಬಸ್ಸಿಗೆ ಹೋಗಿರು, ನಾನು ಪೂಜಿ ಮುಗಿಸ್ಕಂಡು ಹಿಂದಿನ ಬಸ್ಸಿಗೆ ಬರ್ತೀನಿ" ಎಂದು ಗೆಳೆಯ ಹೇಳಿಕಳಿಸಿದ್ದ. ಅದರಲ್ಲೇನಿದೆ ಎಂದು ಪಾಲಯ್ಯ ಒಬ್ಬನೇ ಹೋದ.

ಬಂಗಲೆ ತುಂಗಭದ್ರೆಯ ದಂಡೆಯ ಮೇಲಿತ್ತು. ಯಾವನೋ ಇಂಗ್ಲಿಷ್ ಇಂಜಿನಿಯರು ಕಟ್ಟಿಸಿ ಬಿಟ್ಟುಹೋದದ್ದು. ಈಗ ಮರದ ವ್ಯಾಪಾರಿ ಹಯಾತ್ ಸಾಬ್ ಅದನ್ನು ಬಾಡಿಗೆಗೆ ಹಿಡಿದು, ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಇಸ್ಪೀಟಿನ ಮನೆ ಮಾಡುತ್ತಿದ್ದ. ಹಬ್ಬದಲ್ಲಿ ಆಡಿದರೆ ಲಕ್ಷ್ಮಿ ಬರುತ್ತಾಳೆ ಎಂಬ ನೆಪ ಎಲ್ಲರಿಗೂ ಇತ್ತು. ಮಂಚ, ಬಿಸಿನೀರು, ಊಟ, ಹೊಳೆಯ ಗಾಳಿ ಎಲ್ಲ ಸೇರಿ ತಲೆಗಿಷ್ಟು ಎಂದು ಮೊದಲೇ ಕಟ್ಟಬೇಕು. ಕಟ್ಟಿದವನನ್ನು ಯಾರೂ ಏಳು ಎನ್ನುವಂತಿಲ್ಲ, ಎಲ್ಲಿ ಬೇಕಾದರೂ ಕೂರಬಹುದು. ಇನ್ನೊಂದು ಕಟ್ಟಳೆ: ಗೆದ್ದವನು ಎರಡನೆಯ ದಿನ ದೀಪ ಹಚ್ಚುವ ತನಕ ಆಟ ಬಿಟ್ಟು ಏಳಬಾರದು.

ಅಡುಗೆಯ ದ್ಯಾಮವ್ವ ಪಾಲಯ್ಯನ ಎಲೆಗೆ ಹೋಳಿಗೆ ಹಾಕಿ, ಬೇಡಬೇಡವೆಂದರೂ ತುಪ್ಪ ಸುರಿದು, "ಉಣ್ರೀ ಅಣ್ಣಾರ, ಹಬ್ಬದಾಗ ಎಂಥಾ ನಾಚಿಕಿ" ಎಂದು ನಕ್ಕಳು. ಹಬ್ಬದ ದಿನ ಹೆಣ್ಣುಮಗಳೊಬ್ಬಳು ಅವನಿಗೆ ನಗುತ್ತ ಬಡಿಸಿ ಎಷ್ಟೋ ವರ್ಷವಾಗಿತ್ತು. ಅವನು ತಲೆ ತಗ್ಗಿಸಿಕೊಂಡೇ ಉಂಡ, ಕಣ್ಣು ತುಂಬಿದ್ದು ಕಾಣದಿರಲಿ ಎಂದು.

ಅಷ್ಟರಲ್ಲಿ ಹಿಂದಿನ ಬಸ್ಸಿಗೆ ಕೆಂಚವೀರಪ್ಪನೂ ಬಂದ. ಊಟವಾದ ಮೇಲೆ ಆಟ. ಮೂರೆಲೆ ಆಟ. ಒಬ್ಬೊಬ್ಬರಿಗೆ ಮೂರು ಎಲೆ. ಒಂದೇ ತರದ ಮೂರು ಬಿದ್ದರೆ ಅದೃಷ್ಟವೋ ಅದೃಷ್ಟ. ಆದರೆ ಅದು ಎಲೆಗಿಂತ ಎದೆಯ ಆಟ. ಗಟ್ಟಿಗ ಕೆಟ್ಟ ಎಲೆ ಹಿಡಿದೂ ಉಳಿದವರನ್ನು ಹೆದರಿಸಿ ಗೆಲ್ಲುತ್ತಾನೆ, ಪುಕ್ಕಲ ಒಳ್ಳೆಯ ಎಲೆಯನ್ನೂ ಮಗುಚಿಟ್ಟು "ನಾನಿಲ್ಲ" ಎನ್ನುತ್ತಾನೆ. ಪಾಲಯ್ಯನಿಗೆ ಇದೊಂದೂ ಗೊತ್ತಿರಲಿಲ್ಲ. ಅವನಿಗೆ ರಾಜನೂ ಒಂದೇ, ರಾಣಿಯೂ ಒಂದೇ.

ಕೆಂಚವೀರಪ್ಪನ ಎದುರಾಳಿ ಹರಿಹರದವನೇ ಆದ ಅಜ್ಜಪ್ಪ, ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕ. ಹಿಂದಿನ ದೀಪಾವಳಿಯಲ್ಲಿ ಕೆಂಚವೀರಪ್ಪನನ್ನು ಸೋಲಿಸಿ, ಬಸ್ಸಿನ ಚಾರ್ಜು ಕೈಗಿಟ್ಟು ಕಳಿಸಿದ್ದ. ಆ ಅವಮಾನ ಇವನ ಗಂಟಲಲ್ಲಿ ವರ್ಷವಿಡೀ ಸಿಕ್ಕಿಕೊಂಡಿತ್ತು.

"ಪಾಲಯ್ಯ, ಇಲ್ಲಿ ಕೂಡು. ಕಿಟಕಿ ಗಾಳಿ ಚೆನ್ನಾಗಿ ಬರ್ತೈತೆ" ಎಂದು ಕೆಂಚವೀರಪ್ಪ ತಾನೇ ಬೆತ್ತದ ಕುರ್ಚಿ ಎಳೆದು, ದಿಂಬು ಕೊಟ್ಟು, ಅಜ್ಜಪ್ಪನ ಬೆನ್ನ ಹಿಂದೆಯೇ ಅವನನ್ನು ಕೂರಿಸಿದ. ಇಸ್ಪೀಟಿನವರಲ್ಲಿ ಬೆನ್ನ ಹಿಂದೆ ಯಾರು ಇರುತ್ತಾರೆ ಎಂಬುದು ಸಣ್ಣ ಮಾತಲ್ಲ. ಕಾಲ್ಗುಣ ಒಳ್ಳೆಯದಿದ್ದವನು ನಿಂತರೆ ಎಲೆ ಬರುತ್ತದೆ, ಕೆಟ್ಟವನು ನಿಂತರೆ ಬಂದ ಎಲೆಯೂ ಕೊಳೆಯುತ್ತದೆ ಎಂದು ನಂಬಿದ ಜನ. ಅಜ್ಜಪ್ಪ ಒಮ್ಮೆ ತಿರುಗಿ ನೋಡಿದ. ಹೊಸ ಅಂಗಿ, ಸಾಧು ಮುಖ. ಯಾರೋ ಪಾಪ, ಗಾಳಿಗೆ ಕೂತಿದ್ದಾನೆ ಎಂದುಕೊಂಡು ಎಲೆಯ ಕಡೆ ತಿರುಗಿದ.

ಅವತ್ತು ಕೆಂಚವೀರಪ್ಪ ಗೆದ್ದ. ಗೆಲ್ಲುತ್ತಲೇ ಹೋದ. ಪಾಲಯ್ಯ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ. ರಾತ್ರಿ ತನಗೆ ಬೇರೆ ಕೋಣೆ ಕೊಡಿಸಿದಾಗಲೂ, ನನ್ನ ನಿದ್ದೆ ಕೆಡಬಾರದೆಂದು ಎಷ್ಟು ಯೋಚನೆ ಮಾಡುತ್ತಾನೆ ನನ್ನ ಗೆಳೆಯ ಎಂದೇ ಹಾಸಿಗೆ ಬಿಚ್ಚಿದ.

ಮರುದಿನ ಮಧ್ಯಾಹ್ನ ಎಲೆ ಹಂಚುವ ಮುಂಚೆ ಅಜ್ಜಪ್ಪ ಕೈ ಅಡ್ಡ ಹಿಡಿದ.

"ನಿಲ್ಲಿಸ್ರಿ. ಬೆಳಿಗ್ಗೆ ದಾವಣಗೆರೆಯಿಂದ ನಮ್ಮ ಗುಮಾಸ್ತ ಬಂದಿದ್ದ. ಈ ಯಜಮಾನ್ರನ್ನ ನೋಡಿ ಹೌಹಾರಿದ. ಎರಡು ಹೆಂಡ್ರು, ಒಂದು ಮಗಳು. ಮೂರು ಹೆಣ ದಾಟಿ ಬಂದೋರಂತೆ. ಕೆಂಚವೀರಪ್ಪ, ಇವರನ್ನ ನನ್ನ ಬೆನ್ನಿಗೆ ಕಟ್ಟೀಯಲ್ಲ, ನಿನಗೆ ಮರ್ಯಾದಿ ಐತೇನು?"

ಪಾಲಯ್ಯನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಅಜ್ಜಪ್ಪನ ಕಡೆ ನೋಡಲೇ ಇಲ್ಲ. ಗೆಳೆಯನ ಕಡೆ ನೋಡಿದ. ಈಗ ಕೆಂಚವೀರಪ್ಪ ಎದ್ದು ನಿಂತು ಅಜ್ಜಪ್ಪನ ಕೊರಳಪಟ್ಟಿ ಹಿಡಿಯುತ್ತಾನೆ, ಜ್ವರ ಬಂತು ಸತ್ತರು ಎಂದು ನಾಲ್ಕು ಜನರ ಎದುರು ಕೂಗಿ ಹೇಳುತ್ತಾನೆ ಎಂದು ಕಾದ.

ಕೆಂಚವೀರಪ್ಪ ಹೊಟ್ಟೆ ಕುಣಿಸಿ ನಕ್ಕ.

"ಆಟದಾಗ ಇವೆಲ್ಲ ಇರೋವೇ ಅಜ್ಜಪ್ಪ! ಎಂಟು ವರ್ಷದಿಂದ ಇವನ ಗುಣ ಸುಮ್ನೆ ಹಾಳಾಗ್ತಿತ್ತು. ನಾಕು ಜನಕ್ಕ ಉಪಯೋಗ ಆಗ್ಲಿ ಅಂತ ಕರ್ಕಂಡು ಬಂದೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಚಹಾ ತಂದಿದ್ದ ದ್ಯಾಮವ್ವ ಮಾತ್ರ ನಗಲಿಲ್ಲ, ಆದರೆ ಪಾಲಯ್ಯನ ಲೋಟವನ್ನು ಅವನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಸೆರಗು ಎಳೆದುಕೊಂಡು ಹೋದಳು.

"ಕೆಂಚಪ್ಪಾ" ಎಂದ ಪಾಲಯ್ಯ. "ನೀನು ಹಂಗಂದಿರಲಿಲ್ಲಲ್ಲೋ."

"ಮುಖ ಯಾಕ ಸಣ್ಣ ಮಾಡ್ತೀಯೋ? ನಿನಗೇನು ಕಡಿಮಿ ಮಾಡೀನಿ? ಹೋಳಿಗಿ ಉಂಡಿ, ಹೊಳಿ ನೋಡಿದಿ. ಹೋಗು, ಹೊರಗ ಜಗಲಿ ಮ್ಯಾಲೆ ಕೂಡು."

ಆಗ ಪಾಲಯ್ಯನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಈ ಮನುಷ್ಯ ಎಂಟು ವರ್ಷದಲ್ಲಿ ಒಂದು ದಿನವೂ ಅಂಗಡಿ ತೆರೆಯುವ ಮುಂಚೆ ತನ್ನ ಮುಖ ನೋಡಿದವನಲ್ಲ. ಸ್ವಂತ ಮಗಳ ಮದುವೆಗೆ ಕರೆಯಲು ಮರೆತೆ ಎಂದಿದ್ದ. ಒಂದೇ ಬಸ್ಸಿಗೆ ಬರಲಿಲ್ಲ, ಒಂದೇ ಕೋಣೆಯಲ್ಲಿ ಮಲಗಲಿಲ್ಲ. ಊರಿನವರು ಮುಖದ ಮೇಲೆ ಬಾಗಿಲು ಹಾಕಿಕೊಂಡಿದ್ದರು. ಇವನು ಬಾಗಿಲು ತೆರೆದಿಟ್ಟುಕೊಂಡೇ ಅದನ್ನು ಮಾಡಿದ್ದ, ಅಷ್ಟೇ ವ್ಯತ್ಯಾಸ. ಜನ್ಮದಲ್ಲಿ ಸಿಟ್ಟು ಮಾಡದ ಪಾಲಯ್ಯನಿಗೆ ಅವತ್ತು ಸಿಟ್ಟು ಬಂತು. ಕಿವಿಯ ಬುಡದವರೆಗೂ ಬಿಸಿಯಾಯಿತು.

ಅವನು ಎದ್ದ. ಬೆತ್ತದ ಕುರ್ಚಿಯನ್ನು ಎತ್ತಿದ. ಜಗಲಿಗೆ ಹೋಗಲಿಲ್ಲ. ಮೇಜು ಸುತ್ತಿ ಬಂದು ಕೆಂಚವೀರಪ್ಪನ ಬೆನ್ನ ಹಿಂದೆ ಹಾಕಿಕೊಂಡು, ಮೊಣಕಾಲು ಅವನ ಸೊಂಟಕ್ಕೆ ತಾಗುವಷ್ಟು ಹತ್ತಿರ ಕೂತ.

ಕೆಂಚವೀರಪ್ಪನ ನಗು ನಿಂತಿತು. "ಏಳೋ. ತಮಾಷಿ ಬ್ಯಾಡ."

"ನೀನು ನನ್ನ ಗೆಳೆಯ. ನಿನ್ನ ಹತ್ರ ಕೂಡ್ತೀನಿ."

"ಸಾಬ್ರೇ, ಇವನನ್ನ ಎಬ್ಬಿಸ್ರಿ!"

ಹಯಾತ್ ಸಾಬ್ ಗಡ್ಡ ಸವರಿಕೊಂಡ. ಅವನಿಗೂ ಇದು ಮಜಾ ಕಂಡಿತ್ತು. "ಹೆಂಗೆ ಎಬ್ಬಿಸ್ಲಿ ಸಾವುಕಾರ್ರೇ? ಇವರ ಹೆಸರಿನಾಗೂ ನೀವೇ ಕಟ್ಟೀರಿ. ಎಲ್ಲಿ ಬೇಕಾದ್ರೂ ಕೂಡ್ತಾರ. ನೀವು ಗೆದ್ದೋರು, ದೀಪ ಹಚ್ಚೋ ತನಕ ನೀವೂ ಏಳಂಗಿಲ್ಲ."

ಕೆಂಚವೀರಪ್ಪ ಹಿಂದೆ ತಿರುಗಿ ಧ್ವನಿ ಇಳಿಸಿದ. "ಪಾಲಯ್ಯ, ಕೈ ಮುಗಿತೀನಿ. ತಪ್ಪಾತು. ಏಳಪ್ಪಾ."

"ನನ್ನ ಕಾಲ್ಗುಣ ಕೆಟ್ಟದ್ದಲ್ಲ ಅಂತ ಇವರ ಎದುರು ಹೇಳು. ಏಳ್ತೀನಿ."

"ಕೆಟ್ಟದ್ದಲ್ಲ! ಯಾವನು ಅಂದ? ಭಾಳ ಒಳ್ಳೇದು. ಸಾಕಾ? ಏಳು."

"ಒಳ್ಳೇದಾದ್ರ ಯಾಕ ಏಳ್ಬೇಕು? ನಿನಗ ಎಲೆ ಚೆನ್ನಾಗಿ ಬೀಳ್ತಾವ. ಆಡು."

ಅಜ್ಜಪ್ಪ ಮೇಜು ಗುದ್ದಿ ಗುದ್ದಿ ನಕ್ಕ. ಎಲೆ ಹಂಚಿದರು.

ಮೊದಲ ಆಟ ಸೋತ. ಎರಡನೆಯದೂ ಸೋತ. ಪಾಲಯ್ಯನಿಗೆ ಒಳಗೊಳಗೇ ಕುಣಿಯುವಂತಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಉರಿ ಮಗನೇ, ಉರಿ ಎಂದುಕೊಂಡ. ಮೂರನೆಯದೂ ಹೋಯಿತು. ನಾಲ್ಕನೆಯದಕ್ಕೆ ಕೆಂಚವೀರಪ್ಪನ ಕುತ್ತಿಗೆಯ ಬೆವರು ಅಂಗಿಗೆ ಇಳಿದಿತ್ತು. ಅದೂ ಸೋತ.

ಆಗ ಪಾಲಯ್ಯನ ಸಂತೋಷ ಎಲ್ಲಿ ಹೋಯಿತೋ ಹೋಯಿತು.

ನಿನ್ನೆ ಅಲ್ಲಿ ಕೂತಿದ್ದೆ, ಅಜ್ಜಪ್ಪ ಸೋತ. ಇವತ್ತು ಇಲ್ಲಿ ಕೂತೆ, ಇವನು ಸೋಲುತ್ತಿದ್ದಾನೆ. ನಡುವೆ ಬದಲಾದದ್ದು ಒಂದು ಕುರ್ಚಿ. ಹಾಗಾದರೆ ಊರು ಹೇಳಿದ್ದು? ನೋವು ತಿನ್ನುತ್ತಿದ್ದ ಓಬವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಅವನೇ. ಕೊಟ್ರವ್ವನ ಹಣೆಗೆ ಒದ್ದೆ ಬಟ್ಟೆ ಹಾಕಿದವನು ಅವನೇ. ಮಗಳು ಅಪ್ಪಾ ಬಿಟ್ಟು ಹೋಗಬ್ಯಾಡ ಎಂದಳೆಂದು ಅವಳ ಮಗ್ಗುಲು ಬಿಟ್ಟು ಕದಲದೆ ಕೂತಿದ್ದ. ಹತ್ತಿರ ಕೂತದ್ದೇ ತಪ್ಪಾಯಿತೇ? ಹೊರಗೆ ಎದ್ದು ಹೋಗಿದ್ದರೆ ಕೂಸು ಉಳಿಯುತ್ತಿತ್ತೇ?

ಅವನಿಗೆ ಎದ್ದು ಹೋಗೋಣವೆನ್ನಿಸಿತು. ಆದರೆ ಈಗ ಎದ್ದರೆ, ಎದ್ದ ಮೇಲೆ ಇವನು ಗೆದ್ದರೆ, ಮಾತು ಮುಗಿದೇ ಹೋಗುತ್ತದೆ. ಏಳಲಾರ. ಇನ್ನು ಒಂದೇ ದಾರಿ. ತಾನು ಇಲ್ಲಿ ಕೂತಿರುವಾಗಲೇ ಕೆಂಚವೀರಪ್ಪ ಗೆಲ್ಲಬೇಕು. ಒಂದು ಆಟ ಗೆದ್ದರೂ ಸಾಕು, ತಾನು ಆ ಮೂವರನ್ನು ಕೊಂದವನಲ್ಲ.

ಪಾಲಯ್ಯ ಕಣ್ಣು ಮುಚ್ಚಿ ಹರಿಹರೇಶ್ವರನಿಗೆ ಕೈ ಜೋಡಿಸಿದ. ತನ್ನನ್ನು ಹೆಣದ ಹಾಗೆ ಹೊತ್ತು ತಂದವನ ಗೆಲುವಿಗೆ ಹರಕೆ ಹೊತ್ತ. "ಗೆಲ್ಲೋ ಕೆಂಚಪ್ಪಾ" ಎಂದು ಅವನ ಕಿವಿಯ ಹತ್ತಿರ ಪಿಸುಗುಟ್ಟಿದ. "ಒಂದೇ ಒಂದು ಆಟ ಗೆಲ್ಲೋ ಮಾರಾಯ."

ಬಿಸಿಯುಸಿರು ಕಿವಿಗೆ ತಾಗಿದ್ದೇ ಕೆಂಚವೀರಪ್ಪ ಮೈಮೇಲೆ ಹಾವು ಹರಿದವನಂತೆ ಬೆಚ್ಚಿದ. ಶಪಿಸುತ್ತಿದ್ದಾನೆ ಎಂದುಕೊಂಡ.

ಹೊರಗೆ ಬೆಳಕು ಕುಗ್ಗುತ್ತಿತ್ತು. ಕೊನೆಯ ಆಟ. ಕೆಂಚವೀರಪ್ಪ ಎಲೆ ಎತ್ತಿ ಬಿಡಿಸಿದ. ಹಿಂದಿನಿಂದ ಪಾಲಯ್ಯನಿಗೆ ಮೂರು ಹೆಂಗಸರ ಚಿತ್ರ ಕಂಡಿತು. ಮೂರು ರಾಣಿ. ಆ ಮೇಜಿನಲ್ಲಿ ಅವತ್ತು ಯಾರಿಗೂ ಅದರ ಹತ್ತಿರ ಬರುವ ಎಲೆ ಬಿದ್ದಿರಲಿಲ್ಲ. ಕೆಂಚವೀರಪ್ಪ ಒಂದು ಕ್ಷಣ ನೋಡಿದ. ಆದರೆ ಬೆನ್ನಿಗೆ ಆ ಮೊಣಕಾಲು ತಾಗುತ್ತಿತ್ತು. ಇಷ್ಟು ಒಳ್ಳೆಯ ಎಲೆ ಸುಮ್ಮನೆ ಬರುತ್ತದೆಯೇ, ಅಜ್ಜಪ್ಪನಿಗೆ ಮೂರು ರಾಜರು ಬಿದ್ದಿರಬೇಕು, ನನ್ನನ್ನು ಪೂರ್ತಿ ಮುಳುಗಿಸಲೆಂದೇ ಇದು ಬಂದಿದೆ ಎಂದುಕೊಂಡ. ರಾಣಿಯರನ್ನು ಮಗುಚಿ ಕೆಳಗಿಟ್ಟ.

"ನಾನಿಲ್ಲ" ಎಂದ.

ಅಜ್ಜಪ್ಪ ಕೇಕೆ ಹಾಕಿ, ಮೇಜಿನ ಮೇಲಿದ್ದುದನ್ನೆಲ್ಲ ಬಾಚಿಕೊಂಡ. ದ್ಯಾಮವ್ವ ಹೊಸ್ತಿಲಿಗೆ ಹಣತೆ ತಂದಿಟ್ಟಳು. ಕೆಂಚವೀರಪ್ಪ ಯಾರ ಮುಖವನ್ನೂ ನೋಡದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಕತ್ತಲಾಗುವ ಮುಂಚೆಯೇ ಬಸ್ಸಿನ ಕಡೆ ಓಡಿದ.

ಅಜ್ಜಪ್ಪ ಎಲೆಗಳನ್ನು ಕೂಡಿಸುತ್ತಿದ್ದ. ಕೆಂಚವೀರಪ್ಪ ಮಗುಚಿಟ್ಟ ಮೂರನ್ನು ತಿರುಗಿಸಿ ನೋಡಿದ. ಹುಬ್ಬು ಮೇಲೇರಿತು. ಪಾಲಯ್ಯ ಅವನ ಎದುರು ಬಂದು ನಿಂತಿದ್ದ.

"ಯಜಮಾನ್ರೇ, ನನಗೆ ಆಟ ಗೊತ್ತಿಲ್ಲ. ಒಂದು ಹೇಳ್ರಿ. ಅವನಿಗೆ ಬಿದ್ದ ಎಲೆ ಕೆಟ್ಟಿದ್ವೇನ್ರಿ?"

ಅಜ್ಜಪ್ಪ ಅವನ ಮುಖ ನೋಡಿದ. ಈ ಮನುಷ್ಯ ಏನು ಕೇಳುತ್ತಿದ್ದಾನೆ ಎಂಬುದು ಅವನಿಗೆ ಚೆನ್ನಾಗಿ ತಿಳಿಯಿತು. ಒಂದು ಮಾತು ಸಾಕಿತ್ತು. ಆದರೆ ಮುಂದಿನ ದೀಪಾವಳಿಯೂ ಇತ್ತಲ್ಲ. ಮೂರು ರಾಣಿಯರನ್ನು ಕಟ್ಟಿನ ನಡುವೆ ತೂರಿಸಿ, ಕಲಸಿ, ಮೇಜಿನ ಮೇಲಿಟ್ಟ.

"ಭಾಳ ಕೆಟ್ಟಿದ್ವು ಪಾಲಯ್ಯ. ಜನ್ಮದಾಗ ನಾನು ಅಂಥಾ ಎಲೆ ನೋಡಿಲ್ಲ. ಬರೋ ವರ್ಷ ನಿಮಗ ನಾನೇ ಕಾರು ಕಳಿಸ್ತೀನಿ. ಬರ್ರಿ."

ಪಾಲಯ್ಯ ಹೂಂ ಎಂದನೋ ಇಲ್ಲವೋ ಯಾರೂ ಗಮನಿಸಲಿಲ್ಲ.

ದಾವಣಗೆರೆಯ ಬಸ್ಸಿನಲ್ಲಿ ಹಬ್ಬಕ್ಕೆ ತವರಿಗೆ ಬಂದು ಹಿಂದಿರುಗುತ್ತಿದ್ದ ಹೆಣ್ಣುಮಗಳೊಬ್ಬಳು ಮಡಿಲಲ್ಲಿ ಎಳೆಗೂಸು ಮಲಗಿಸಿಕೊಂಡು ಕೂತಿದ್ದಳು. ಪಕ್ಕದ ಜಾಗ ಖಾಲಿ ಇತ್ತು. "ಕೂಡ್ರಿ ಅಣ್ಣಾರ, ಜಾಗ ಐತೆ" ಎಂದು ಸರಿದು ಕೂತಳು. ಪಾಲಯ್ಯ ತಲೆ ಅಲ್ಲಾಡಿಸಿ ಹಿಂದೆ ಹೋದ. ಬಾಗಿಲ ಮೂಲೆಯಲ್ಲಿ, ಆ ಕೂಸಿನಿಂದ ಎಷ್ಟು ದೂರ ನಿಲ್ಲಲು ಸಾಧ್ಯವೋ ಅಷ್ಟು ದೂರದಲ್ಲಿ ಕಂಬಿ ಹಿಡಿದು, ಅದರ ಕಡೆ ಕಣ್ಣು ಹೋಗದಂತೆ ಮುಖ ಹೊರಗೆ ತಿರುಗಿಸಿ, ಊರು ಬರುವವರೆಗೂ ನಿಂತೇ ಬಂದ.